ಸಾಹಿತ್ಯ: ಶ್ರೀಯುತರು ಮಾತ್ರ

ಕನ್ನಡ ಪುಸ್ತಕಗಳ ಅರಿಕೆಯ ಪುಟದಲ್ಲಿ ಒಂದು ಪದ ಬಹುಕಾಲದಿಂದ ಬಾಡಿಗೆಯಿಲ್ಲದೆ ಬಿಡಾರ ಹೂಡಿದೆ: ಸ್ಫೂರ್ತಿ. ಲೇಖಕ ಮಹಾಶಯರು ಮುದ್ರಕರಿಗೆ ಕೃತಜ್ಞತೆ ಹೇಳುತ್ತಾರೆ, ಮುಖಪುಟದ ಕಲಾವಿದರನ್ನು ನೆನೆಯುತ್ತಾರೆ, ಕರಡು ತಿದ್ದಿದ ಗೆಳೆಯನ ಹೆಸರನ್ನು ಹುದ್ದೆಸಮೇತ ಬರೆಯುತ್ತಾರೆ. ಕೊನೆಯ ಸಾಲಿನಲ್ಲಿ, ಸದಾ ಸ್ಫೂರ್ತಿಯಾದ ಮಡದಿಗೆ ನಮಿಸಿ ಮುಗಿಸುತ್ತಾರೆ. ಕರಡು ತಿದ್ದಿದವನು ಏನು ಮಾಡಿದನೆಂಬುದು ಓದುಗನಿಗೆ ತಿಳಿಯುತ್ತದೆ. ಮಡದಿ ಏನು ಮಾಡಿದಳೆಂಬುದು ತಿಳಿಯುವುದಿಲ್ಲ. ತಿಳಿಯಬಾರದೆಂದೇ ಆ ಪದವನ್ನು ಅಲ್ಲಿ ಇರಿಸಲಾಗಿದೆ ಎಂಬುದು ನಮ್ಮ ವಾದ.

ಈ ವಾದವನ್ನು ನಾವು ಕಾವ್ಯದ ಮೂಲಕ ಹೂಡದೆ ಹಾಡಿನ ಮೂಲಕ, ಅದರಲ್ಲೂ ಸಿನಿಮಾ ಹಾಡಿನ ಮೂಲಕ ಹೂಡಲಿದ್ದೇವೆ. ಕಾರಣ ಸರಳ. ಕಾವ್ಯಕ್ಕೆ ಒಬ್ಬನೇ ಕರ್ತೃ ಎಂಬ ನಂಬಿಕೆಯನ್ನು ಅಲುಗಾಡಿಸುವುದು ಕಷ್ಟ. ಹಾಡು ಹಲವರ ಕೈಯಲ್ಲಿ ಆಗುತ್ತದೆಂಬುದನ್ನು ಎಲ್ಲರೂ ಒಪ್ಪಿದ್ದಾರೆ. ಹಲವರು ಎಂದು ಒಪ್ಪಿದ ಮೇಲೂ ಆ ಹಲವರಲ್ಲಿ ಹೆಂಡತಿ ಒಬ್ಬಳಾಗಲಿಲ್ಲವೆಂದರೆ, ಅದಕ್ಕೆ ಕಲೆಯ ಸ್ವಭಾವವನ್ನು ದೂರುವಂತಿಲ್ಲ. ಬೇರೆ ಕಾರಣವನ್ನೇ ಹುಡುಕಬೇಕು.

ನಮ್ಮ ಬಳಗದಲ್ಲಿ ಇತ್ತೀಚೆಗೆ ಅಮೆರಿಕದ ಹಳ್ಳಿಗಾಡಿನ ಸಂಗೀತದ ಮಾತು ಬಂದಾಗ ಒಬ್ಬ ಹಿರಿಯರು ಅದನ್ನು ಕುದುರೆ ಕಾಯುವವರ ರಾಗವೆಂದು ತಳ್ಳಿಹಾಕಿದರು. ಅವರು ಆ ರಾಗವನ್ನು ಕೇಳಿದ್ದಾರೆಯೇ ಎಂದು ನಾವು ಕೇಳಲಿಲ್ಲ. ಆದರೆ ಆ ಸಂಗೀತದ ರಾಜಧಾನಿಯಾದ ನ್ಯಾಶ್‌ವಿಲ್‌ಗೂ ನಮ್ಮ ಹಾಡುಗಳು ಹುಟ್ಟಿದ ಮದರಾಸಿನ ವಡಪಳನಿಗೂ ಇರುವ ಹೋಲಿಕೆ, ಮತ್ತು ಅವೆರಡರ ನಡುವೆ ಇರುವ ಒಂದೇ ಒಂದು ದೊಡ್ಡ ವ್ಯತ್ಯಾಸ, ನಮ್ಮನ್ನು ಆ ದಿನದಿಂದ ಬಿಟ್ಟಿಲ್ಲ. ಆ ವ್ಯತ್ಯಾಸದ ಹೆಸರು ಫೆಲೀಸ್ ಬ್ರಯಂಟ್.

ಆಕೆ ಹುಟ್ಟಿದ್ದು 1925ರಲ್ಲಿ, ಮಿಲ್ವಾಕಿ ನಗರದ ಇಟಾಲಿಯನ್ ಮೂಲದ ಕುಟುಂಬದಲ್ಲಿ. ತಂದೆತಾಯಿ ಇಟ್ಟ ಹೆಸರು ಮಟಿಲ್ಡಾ ಜೆನೆವೀವ್ ಸ್ಕಡೂಟೊ. ಅಲ್ಲಿನ ಶ್ರೋಡರ್ ಹೋಟೆಲಿನಲ್ಲಿ ಲಿಫ್ಟ್ ನಡೆಸುವ ಕೆಲಸದಲ್ಲಿದ್ದಾಗ, 1945ರಲ್ಲಿ, ಹೋಟೆಲಿನಲ್ಲಿ ಪಿಟೀಲು ನುಡಿಸಲು ಬಂದಿದ್ದ ಬೂಡ್ಲೋ ಬ್ರಯಂಟ್‌ನನ್ನು ಕಂಡಳು. ಅದೇ ವರ್ಷ ಮದುವೆಯಾದರು. ಫೆಲೀಸ್ ಎಂಬ ಹೆಸರು ಅವನು ಇಟ್ಟದ್ದು. ಅವನು 1920ರಲ್ಲಿ ಜಾರ್ಜಿಯಾದಲ್ಲಿ ಹುಟ್ಟಿದವನು, ಪಾಶ್ಚಾತ್ಯ ಶಾಸ್ತ್ರೀಯ ಪಿಟೀಲು ಕಲಿತವನು, ಅಟ್ಲಾಂಟಾದ ಫಿಲಾರ್ಮಾನಿಕ್ ವಾದ್ಯವೃಂದದಲ್ಲಿ ಕುಳಿತು ನುಡಿಸಿದವನು. ಅವಳಿಗೆ ಸಂಗೀತದ ಪಾಠವಾಗಿರಲಿಲ್ಲ. ಮನೆಗೆಲಸದ ನಡುವೆ ಪದ್ಯ ಕಟ್ಟುತ್ತಿದ್ದಳು, ಗುನುಗುತ್ತಿದ್ದಳು. ಅವನು ಅದನ್ನು ಸ್ವರಕ್ಕೆ ಇಳಿಸತೊಡಗಿದ, ತಾನೂ ಸಾಲು ಸೇರಿಸತೊಡಗಿದ. ಸ್ವರ ಅವನದು, ಮಾತು ಅವಳದು ಎಂಬ ಗೆರೆ ಬಹುಬೇಗ ಅಳಿಸಿಹೋಯಿತು. ಇಬ್ಬರೂ ಎರಡನ್ನೂ ಮಾಡಿದರು.

1949ರಲ್ಲಿ ಲಿಟ್ಲ್ ಜಿಮ್ಮಿ ಡಿಕನ್ಸ್ ಅವರ ‘ಕಂಟ್ರಿ ಬಾಯ್’ ಹಾಡಿ ಗೆದ್ದ. ಮರುವರ್ಷ ದಂಪತಿ ನ್ಯಾಶ್‌ವಿಲ್‌ಗೆ ಬಂದು ನೆಲೆಸಿದರು. ವೇದಿಕೆ ಹತ್ತದೆ, ತಾವು ಹಾಡದೆ, ಬರೆದೇ ಬದುಕುತ್ತೇವೆಂದು ಆ ಊರಿನಲ್ಲಿ ಹೊರಟ ಮೊದಲಿಗರು ಇವರು. ಅವರ ‘ಬೈ ಬೈ ಲವ್’ ಹಾಡನ್ನು ಮೂವತ್ತರಷ್ಟು ಗಾಯಕರು ಬೇಡವೆಂದ ಮೇಲೆ 1957ರಲ್ಲಿ ಎವರ್ಲಿ ಸಹೋದರರು ಹಾಡಿದರು. ಮುಂದಿನದು ಲೋಕಕ್ಕೆ ಗೊತ್ತು. 1967ರಲ್ಲಿ ಟೆನೆಸ್ಸೀಯ ಗ್ಯಾಟ್ಲಿನ್‌ಬರ್ಗ್‌ನಲ್ಲಿ ಕುಳಿತು, ಮುದುಕರಿಗಾಗಿ ನಿಧಾನಗತಿಯ ಹಾಡುಗಳನ್ನು ಬರೆದು ಬೇಸರಬಂದು, ಹತ್ತು ನಿಮಿಷದಲ್ಲಿ ಕಟ್ಟಿಬಿಟ್ಟ ‘ರಾಕಿ ಟಾಪ್’ 1982ರಲ್ಲಿ ಆ ರಾಜ್ಯದ ಅಧಿಕೃತ ಗೀತೆಗಳಲ್ಲೊಂದಾಯಿತು. ಮಿಲ್ವಾಕಿಯ ಇಟಾಲಿಯನ್ ಹುಡುಗಿ ಬರೆದ ಹಾಡು ಬೆಟ್ಟದ ಜನರ ನಾಡಗೀತೆ! ಹಳ್ಳಿಯ ಹಾಡಿಗೆ ಹಳ್ಳಿಯಲ್ಲಿ ಹುಟ್ಟಿರಬೇಕು ಎನ್ನುವವರು ಇದನ್ನು ಸ್ವಲ್ಪ ಹೊತ್ತು ಧ್ಯಾನಿಸಲಿ.

ಈ ದಂಪತಿಯ ಬಗ್ಗೆ ಬರೆಯುವವರೆಲ್ಲ ತಪ್ಪದೆ ಹೇಳುವ ಕಥೆಯೊಂದಿದೆ. ಎಂಟು ವರ್ಷದವಳಿದ್ದಾಗ ಫೆಲೀಸ್‌ಗೆ ಕನಸಿನಲ್ಲಿ ಒಬ್ಬ ಪುರುಷನ ಮುಖ ಕಂಡಿತ್ತಂತೆ. ಹೋಟೆಲಿನಲ್ಲಿ ಬೂಡ್ಲೋನನ್ನು ಕಂಡೊಡನೆ ಆ ಮುಖವೇ ಇದು ಎಂದು ಗುರುತು ಹಿಡಿದಳಂತೆ. ಸೊಗಸಾದ ಕಥೆ. ನಮಗೆ ಇದಕ್ಕಿಂತ ಅವರ ಲೆಕ್ಕದ ಪುಸ್ತಕಗಳು ಹೆಚ್ಚು ಹಿಡಿಸುತ್ತವೆ. ದಿನಸಿ ಅಂಗಡಿಯವರು ಇಡುವಂಥ ದಪ್ಪ ರಟ್ಟಿನ ಲೆಡ್ಜರುಗಳಲ್ಲಿ ಈ ದಂಪತಿ ಹಾಡು ಬರೆದಿಡುತ್ತಿದ್ದರು. ಅವರ ಕೃತಿಗಳ ಪಟ್ಟಿಯನ್ನು ನೋಡಿದರೆ ಮೂರು ಬಗೆಯ ಹಾಡುಗಳು ಕಾಣುತ್ತವೆ. ಹೆಚ್ಚಿನವಕ್ಕೆ ಇಬ್ಬರ ಹೆಸರು. ಎವರ್ಲಿಗಳು 1958ರಲ್ಲಿ ಹಾಡಿದ ‘ಆಲ್ ಐ ಹ್ಯಾವ್ ಟು ಡು ಈಸ್ ಡ್ರೀಮ್’ಗೆ ಬೂಡ್ಲೋ ಒಬ್ಬನದೇ. ‘ವಿ ಕುಡ್’ ಎಂಬ ಹಾಡಿಗೆ ಫೆಲೀಸ್ ಒಬ್ಬಳದೇ. ಅದು ಅವಳು ಗಂಡನಿಗೆ ಕೊಟ್ಟ ಉಡುಗೊರೆ. ಒಬ್ಬರು ಬರೆದದ್ದಕ್ಕೆ ಒಬ್ಬರ ಹೆಸರು, ಇಬ್ಬರು ಬರೆದದ್ದಕ್ಕೆ ಇಬ್ಬರ ಹೆಸರು. ಹೆಂಡತಿಯ ಮೇಲಿನ ಪ್ರೀತಿಗೆ ಅವಳ ಹೆಸರು ಸೇರಿಸಿದ್ದಾಗಿದ್ದರೆ ಎಲ್ಲ ಹಾಡಿಗೂ ಸೇರಿಸಬಹುದಿತ್ತು. ಇಲ್ಲಿ ಪ್ರೀತಿಗಿಂತ ಲೆಕ್ಕ ಮುಂದಿದೆ, ಮತ್ತು ಅದೇ ಹೆಚ್ಚಿನ ಗೌರವ ಎಂದು ನಾವು ತಿಳಿಯುತ್ತೇವೆ.

ಈಗ ವಡಪಳನಿಗೆ ಬರೋಣ. ಇಂದು ಮೆಟ್ರೋ ರೈಲು ಇಳಿದು ಆರ್ಕಾಟ್ ರಸ್ತೆಗೆ ಬಂದವರಿಗೆ ಮುರುಗನ ಗುಡಿಯ ಗೋಪುರ, ಆಸ್ಪತ್ರೆ, ಮಾಲು, ವಾಹನಗಳ ಗದ್ದಲ ಎದುರಾಗುತ್ತವೆ. ಆಸ್ಪತ್ರೆಗೂ ಮಾಲಿಗೂ ಅಂಟಿಕೊಂಡಿರುವ ವಿಜಯಾ ಎಂಬ ಹೆಸರೊಂದೇ ಅಲ್ಲಿ ಹಿಂದೆ ಏನಿತ್ತೆಂಬುದಕ್ಕೆ ಸಾಕ್ಷಿ. ನಾಗಿರೆಡ್ಡಿ-ಚಕ್ರಪಾಣಿಯವರ ವಿಜಯಾ-ವಾಹಿನಿ ಸ್ಟುಡಿಯೋ ಅಲ್ಲಿತ್ತು. ಅದೇ ರಸ್ತೆಯಲ್ಲಿ ಎ.ವಿ.ಎಂ. ಸ್ಟುಡಿಯೋ. ಕನ್ನಡಿಗರಿಗೆ ಈ ಬೀದಿಯ ಋಣ ಸಣ್ಣದಲ್ಲ. ರಾಜಕುಮಾರರು ನಾಯಕರಾಗಿ ಕಾಣಿಸಿಕೊಂಡ ಮೊದಲ ಚಿತ್ರ, 1954ರ ‘ಬೇಡರ ಕಣ್ಣಪ್ಪ’, ಎ.ವಿ.ಎಂ. ಆಸರೆಯಲ್ಲಿ ಬಂದದ್ದು. ಹುಣಸೂರು ಕೃಷ್ಣಮೂರ್ತಿಯವರ 1965ರ ‘ಸತ್ಯ ಹರಿಶ್ಚಂದ್ರ’ ವಿಜಯಾ ಸಂಸ್ಥೆಯ ಕೂಸು. ಕನ್ನಡ ಚಿತ್ರರಂಗ ಬೆಂಗಳೂರಿಗೆ ಮನೆ ಬದಲಿಸುವವರೆಗೆ ನಮ್ಮ ಬಹುಪಾಲು ಸಿನಿಮಾ ಹಾಡುಗಳು ಕೋಡಂಬಾಕ್ಕಂ, ವಡಪಳನಿ, ಸಾಲಿಗ್ರಾಮಂ ಎಂಬ ಮೂರು ನೆರೆಹೊರೆಗಳ ಗಾಳಿ ಕುಡಿದವು. ಜಿ.ಕೆ. ವೆಂಕಟೇಶ್ ಅಲ್ಲಿದ್ದರು, ಅವರ ಸಹಾಯಕನಾಗಿ ಕನ್ನಡ ಹಾಡುಗಳಿಗೆ ದುಡಿದ ಹುಡುಗ ಮುಂದೆ ಇಳಯರಾಜಾ ಎನಿಸಿದ.

ಆ ಹಾಡುಗಳೆಷ್ಟು ‘ಹಳ್ಳಿಯ’ವು? ಕಾಕಿನಾಡದ ಪಿ.ಬಿ. ಶ್ರೀನಿವಾಸ್, ವಿಜಯನಗರಂ ಕಡೆಯ ಸುಶೀಲಾ, ಗುಂಟೂರು ಸೀಮೆಯ ಜಾನಕಿ, ಎಲ್ಲರೂ ತೆಲುಗರು. ಪಕ್ಕವಾದ್ಯಕ್ಕೆ ತಮಿಳರು, ಮಲಯಾಳಿಗಳು, ಆಂಗ್ಲೋ-ಇಂಡಿಯನ್ನರು. ಗಾಳಿಯಾಡದ ಧ್ವನಿಮುದ್ರಣ ಕೋಣೆ. ಗಾಯಕಿ ಸಾಹಿತ್ಯವನ್ನು ತನ್ನ ತಾಯ್ನುಡಿಯ ಲಿಪಿಯಲ್ಲಿ ಗೀಚಿಕೊಂಡು ಮೈಕಿನ ಮುಂದೆ ನಿಲ್ಲುತ್ತಾಳೆ. ಹೊರಗೆ ಬಂದ ಹಾಡು ಮಂಡ್ಯದ ಗದ್ದೆಯ ಹೆಣ್ಣಿನದಾಗಿ ನಮಗೆ ಕೇಳಿಸುತ್ತದೆ. ಇದರಲ್ಲಿ ನಾವು ಮೋಸವನ್ನು ಕಾಣುವುದಿಲ್ಲ. ನ್ಯಾಶ್‌ವಿಲ್ಲೂ ಹೀಗೆಯೇ ಮಾಡಿತು. ಹಾಡಿನಲ್ಲಿ ಹಳ್ಳಿ ಇರುವುದು ಕಿವಿಯಲ್ಲಿ, ಜನನ ಪ್ರಮಾಣಪತ್ರದಲ್ಲಿ ಅಲ್ಲ.

ಮೋಸ ಬೇರೆಡೆ ಇದೆ. ಹಾಡು ಹುಟ್ಟುತ್ತಿದ್ದ ಕ್ರಮವನ್ನು ನೋಡಿ. ಒಂದು ಕೋಣೆ, ಹಾರ್ಮೋನಿಯಂ, ತಬಲ, ಚಾಪೆ. ಸಂಗೀತ ನಿರ್ದೇಶಕರು ಮಟ್ಟು ಹಾಕುತ್ತಾರೆ. ಮಾತಿನ ಜಾಗದಲ್ಲಿ ಅರ್ಥವಿಲ್ಲದ ತತ್ತಕಾರ. ನಿರ್ದೇಶಕರು ಸನ್ನಿವೇಶ ಹೇಳುತ್ತಾರೆ, ನಿರ್ಮಾಪಕರು ಗಡಿಯಾರ ನೋಡುತ್ತಾರೆ, ಗೀತರಚನಕಾರರು ಆ ತತ್ತಕಾರದ ಅಚ್ಚಿಗೆ ಕನ್ನಡವನ್ನು ಎರಕ ಹೊಯ್ಯುತ್ತಾರೆ. ಇದು ಸಣ್ಣ ಕಸುಬಲ್ಲ. ಮಾತ್ರೆಗೆ ಮಾತ್ರೆ ಕೂರಬೇಕು, ದೀರ್ಘ ಬಂದಲ್ಲಿ ಬಾಯಿ ತೆರೆಯುವ ಸ್ವರವೇ ಬೇಕು, ತುಟಿ ಮುಚ್ಚುವ ವ್ಯಂಜನ ಅಲ್ಲಿ ಬಂದರೆ ಹಾಡು ಉಸಿರುಗಟ್ಟುತ್ತದೆ. ಚಿ. ಉದಯಶಂಕರ್, ಆರ್.ಎನ್. ಜಯಗೋಪಾಲ್, ವಿಜಯನಾರಸಿಂಹ, ಕು.ರ.ಸೀ. ಇವರೆಲ್ಲ ಈ ಕಸುಬಿನ ಘನ ಪಂಡಿತರು. ಇವರ ಹಾಡುಗಳನ್ನು ಸಾಹಿತ್ಯವಲ್ಲವೆನ್ನುವವರೊಡನೆ ವಾದಿಸುವ ತಾಳ್ಮೆ ನಮಗಿಲ್ಲ. ಆದರೆ ಆ ಕೋಣೆಯಲ್ಲಿ ಹೆಣ್ಣು ಎಲ್ಲಿದ್ದಾಳೆ? ಹಾಡು ಮುಗಿದ ಮೇಲೆ, ಇನ್ನೊಂದು ದಿನ, ಇನ್ನೊಂದು ಕೋಣೆಗೆ, ಹಾಡುವುದಕ್ಕೆ ಬರುತ್ತಾಳೆ. ಸಾವಿರಾರು ಹಾಡುಗಳಲ್ಲಿ ಕನ್ನಡ ಹೆಣ್ಣು ತವರನ್ನು ನೆನೆದಳು, ನಲ್ಲನನ್ನು ಕರೆದಳು, ಮಗುವನ್ನು ತೂಗಿದಳು, ಮಗುವಿಲ್ಲದ್ದಕ್ಕೆ ಅತ್ತಳು. ಅಷ್ಟನ್ನೂ ಅವಳ ಬಾಯಿಗೆ ಇಟ್ಟವರು ಗಂಡಸರು. ಗೀತಪ್ರಿಯ ಎಂಬ ಹೆಸರನ್ನು ಕಂಡು ಒಬ್ಬಳಾದರೂ ಸಿಕ್ಕಳೆಂದು ಹಿಗ್ಗಿದರೆ, ಅದು ಲಕ್ಷ್ಮಣರಾವ್ ಮೋಹಿತೆಯವರ ಕಾವ್ಯನಾಮ!

ಹೆಂಗಸರು ಮುಂದೆ ಬರಲಿಲ್ಲ, ಯಾರು ತಡೆದಿದ್ದರು ಎಂಬ ಉತ್ತರ ಸಿದ್ಧವಾಗಿರುತ್ತದೆ. ಮುಂದೆ ಬಂದಿದ್ದರು. ಪುಟ್ಟಣ್ಣ ಕಣಗಾಲರ ‘ಬೆಳ್ಳಿಮೋಡ’ (1967), ‘ಶರಪಂಜರ’ (1971) ತ್ರಿವೇಣಿಯವರ ಕಾದಂಬರಿಗಳು. ‘ಗೆಜ್ಜೆಪೂಜೆ’ (1969) ಎಂ.ಕೆ. ಇಂದಿರಾ ಅವರದು. ಹೆಣ್ಣು ಬರೆದ ಕಥೆಯನ್ನು ನೆಚ್ಚಿಕೊಂಡು ಕನ್ನಡ ಸಿನಿಮಾ ತನ್ನ ಉತ್ತಮ ದಶಕವೊಂದನ್ನು ಕಟ್ಟಿಕೊಂಡಿತು. ಕಥೆ ಯಾಕೆ ಸಾಧ್ಯವಾಯಿತು, ಹಾಡು ಯಾಕೆ ಆಗಲಿಲ್ಲ? ಕಥೆಯನ್ನು ಹೆಣ್ಣು ತನ್ನ ಮನೆಯಲ್ಲಿ ಬರೆದಳು, ಅಚ್ಚಿನಲ್ಲಿ ಅವಳ ಹೆಸರು ಬಂತು, ಸಿನಿಮಾದವರು ಆ ಹೆಸರಿಗೆ ಹಣ ಕೊಡಬೇಕಾಯಿತು. ಹಾಡು ಕೋಣೆಯಲ್ಲಿ ಹುಟ್ಟಿತು. ಕೋಣೆಗೆ ಅವಳಿಗೆ ಪ್ರವೇಶವಿರಲಿಲ್ಲ. ಪ್ರತಿಭೆಯ ಪ್ರಶ್ನೆ ಎಲ್ಲಿಯೂ ಇರಲಿಲ್ಲ. ತಮಿಳಿನಲ್ಲಿ ಅದೇ ಕೋಣೆಗಳಿಂದ 1968ರ ‘ಕುಡಿಯಿರುಂದ ಕೋಯಿಲ್’ ಚಿತ್ರಕ್ಕೆ ರೋಷನಾರಾ ಬೇಗಂ ಎಂಬಾಕೆ ಬರೆದ ಹಾಡು ಬಂತು, ಎಂ.ಜಿ.ಆರ್. ಅಭಿನಯಿಸಿದರು, ಆಕಾಶವೇನೂ ಕಳಚಿ ಬೀಳಲಿಲ್ಲ. ತಾಮರೈ ಅವರು ತಮಿಳಿನ ಮುಂಚೂಣಿಯ ಗೀತರಚನಕಾರರಾಗಿ ಎರಡು ದಶಕ ಮೀರಿತು. ಕನ್ನಡ ಚಿತ್ರಗಳ ಗೀತರಚನೆಯ ಸಾಲಿನಲ್ಲಿ ಹೆಣ್ಣುಹೆಸರು ಇಂದಿಗೂ ಅಪರೂಪದಲ್ಲಿ ಅಪರೂಪ.

ಎರಡನೆಯ ಸಿದ್ಧ ಉತ್ತರ ಇನ್ನೂ ಸ್ವಾರಸ್ಯದ್ದು: ಹಾಡನ್ನು ಇಬ್ಬರು ಸೇರಿ ಬರೆಯಲಾಗುವುದಿಲ್ಲ, ಬರೆದರೂ ಯಾರದೆಷ್ಟು ಎಂದು ಹೇಳಲಾಗುವುದಿಲ್ಲ. ಸರಿ, ರಾಜನ್-ನಾಗೇಂದ್ರ ಎಂದರೆ ಯಾರು? ಮೈಸೂರಿನ ಅಣ್ಣತಮ್ಮಂದಿರು. ಅವರ ಯಾವ ಹಾಡಿನ ಪಲ್ಲವಿ ಅಣ್ಣನದು, ಯಾವ ಚರಣ ತಮ್ಮನದು ಎಂದು ಕನ್ನಡಿಗರು ಯಾರಾದರೂ ಎಂದಾದರೂ ಕೇಳಿದ್ದುಂಟೇ? ನಡುವೆ ಒಂದು ಅಡ್ಡಗೆರೆ ಹಾಕಿ ಎರಡು ಹೆಸರನ್ನು ಒಂದೇ ಹೆಸರೆಂಬಂತೆ ನುಂಗಿಕೊಂಡೆವು. ಮದರಾಸಿನಲ್ಲೇ ವಿಶ್ವನಾಥನ್-ರಾಮಮೂರ್ತಿ, ಮುಂಬಯಿಯಲ್ಲಿ ಶಂಕರ್-ಜೈಕಿಶನ್, ಲಕ್ಷ್ಮೀಕಾಂತ್-ಪ್ಯಾರೇಲಾಲ್. ಅಣ್ಣತಮ್ಮಂದಿರು ಹಂಚಿಕೊಳ್ಳಬಹುದು, ಗೆಳೆಯರು ಹಂಚಿಕೊಳ್ಳಬಹುದು. ಕಸುಬು ಅಪ್ಪನಿಂದ ಮಗನಿಗೆ ಇಳಿಯಬಹುದು: ಚಿ. ಸದಾಶಿವಯ್ಯನವರ ಮಗ ಉದಯಶಂಕರ್, ಆರ್. ನಾಗೇಂದ್ರರಾಯರ ಮಗ ಜಯಗೋಪಾಲ್. ವಡಪಳನಿಯಲ್ಲಿ ಹಾಡು ಮನೆತನದ ಉದ್ಯೋಗವಾಗಿತ್ತು, ಮನೆಯೊಡತಿಯನ್ನು ಹೊರತುಪಡಿಸಿ.

ಹಾಡುವ ಹೆಂಡತಿಯನ್ನು ನಮ್ಮ ಲೋಕ ಒಪ್ಪಿಕೊಂಡಿದೆ, ಅದನ್ನು ಅಲ್ಲಗಳೆಯುವುದಿಲ್ಲ. ಎ.ಎಂ. ರಾಜಾ 1959ರ ‘ಕಲ್ಯಾಣ ಪರಿಸು’ ಚಿತ್ರಕ್ಕೆ ಸಂಗೀತ ಕೊಟ್ಟರು. ಅವರ ಪತ್ನಿ ಜಿಕ್ಕಿ ದಕ್ಷಿಣದ ಎಲ್ಲ ಭಾಷೆಗಳಲ್ಲಿ ಹಾಡಿದರು. ನಮ್ಮಲ್ಲಿ ಬರೆದು ತಾನೇ ಮಟ್ಟು ಹಾಕುವ ಹಂಸಲೇಖ ಇದ್ದಾರೆ. ಅವರ ಪತ್ನಿ ಲತಾ ಹಂಸಲೇಖ ಗಾಯಕಿ. ಗಂಡ ಬರೆಯುವುದು, ಹೆಂಡತಿ ಹಾಡುವುದು: ಈ ಜೋಡಿ ನಮ್ಮ ಕಣ್ಣಿಗೆ ಒಗ್ಗಿದೆ, ಮತ್ತು ಆ ಕಲಾವಿದರ ಮೇಲೆ ನಮ್ಮದೊಂದೂ ಆಕ್ಷೇಪವಿಲ್ಲ. ಒಗ್ಗದಿರುವುದು ಬರೆಯುವ ಜೋಡಿ. ಚಲನಚಿತ್ರ ಪತ್ರಿಕೆಗಳು ಗೀತರಚನಕಾರರ ಮನೆಗೆ ಹೋದಾಗ ಮಡದಿಯನ್ನು ಕೇಳುವ ಪ್ರಶ್ನೆಗಳು ಗೊತ್ತೇ ಇವೆ: ಸಾಹೇಬರಿಗೆ ಯಾವ ತಿಂಡಿ ಇಷ್ಟ, ಬರೆಯುವಾಗ ಸಿಡುಕುತ್ತಾರೆಯೇ, ಕಾಫಿ ಎಷ್ಟು ಸಲ? ‘ಈ ಹಾಡಿನ ಮೂರನೆಯ ಸಾಲು ಯಾರದು?’ ಎಂಬ ಪ್ರಶ್ನೆಯನ್ನು ಕೇಳಿದ ಸಂದರ್ಶನ ನಮ್ಮ ಓದಿಗೆ ಸಿಕ್ಕಿಲ್ಲ. ಕೇಳದ ಪ್ರಶ್ನೆಗೆ ಉತ್ತರವಿಲ್ಲ. ಉತ್ತರವಿಲ್ಲದ್ದರಿಂದ ಆಕೆ ಏನೂ ಮಾಡಲಿಲ್ಲವೆಂದು ತೀರ್ಮಾನ. ಕಚೇರಿಯ ಭಾಷೆಯಲ್ಲಿ ಹೇಳುವುದಾದರೆ, ನಮೂನೆಯಲ್ಲಿ ಅಂಕಣವೇ ಇಲ್ಲದ ಮೇಲೆ ಮಾಹಿತಿ ‘ಶೂನ್ಯ’ ಎಂದು ಬರೆಯುವ ಜಾಣತನ ಇದು.

ಕಚೇರಿಯ ಮಾತು ಬಂತು, ಒಂದು ಉಪಕಥೆ. ಕೇಂದ್ರ ಸರ್ಕಾರದ ಕಡತಗಳ ನಡುವೆ ಇಷ್ಟು ವರ್ಷ ಕಳೆದವರಾಗಿ ನಾವು ಒಂದನ್ನು ಪ್ರಮಾಣಮಾಡಿ ಹೇಳಬಲ್ಲೆವು. ಸರ್ಕಾರಿ ಟಿಪ್ಪಣಿ ಹಾಳೆಯಷ್ಟು ಪ್ರಾಮಾಣಿಕವಾದ ಸಾಹಿತ್ಯಪ್ರಕಾರ ಇನ್ನೊಂದಿಲ್ಲ. ಕೆಳಗಿನ ಸಹಾಯಕಿ ಬರೆದ ವಾಕ್ಯದ ಕೆಳಗೆ ಅವಳ ಚಿಕ್ಕ ರುಜು ಇರುತ್ತದೆ. ಮೇಲಧಿಕಾರಿ ಒಪ್ಪಬಹುದು, ತಿರಸ್ಕರಿಸಬಹುದು, ಕೀರ್ತಿಯನ್ನೆಲ್ಲ ಹೊರಗೆ ತಾನೇ ಪಡೆಯಬಹುದು. ಆದರೆ ಆ ರುಜುವನ್ನು ಅಳಿಸುವಂತಿಲ್ಲ. ನಾಲ್ವತ್ತು ವರ್ಷದ ಮೇಲೆ ತೆಗೆದರೂ ಯಾವ ವಾಕ್ಯ ಯಾರದೆಂದು ಗೊತ್ತಾಗುತ್ತದೆ. ನಮ್ಮ ಸುಮಧುರ ಗೀತೆಗಳು ಕಡತದಷ್ಟೂ ಸತ್ಯ ಹೇಳಲಾರವೇ?

ಇಂಗ್ಲಿಷ್ ಸಾಹಿತ್ಯ ಈ ವಿಷಯದಲ್ಲಿ ನಮಗಿಂತ ಮೇಲೆಂದು ಯಾರೂ ಭ್ರಮಿಸುವುದು ಬೇಡ. ವರ್ಡ್ಸ್‌ವರ್ತ್ ಡ್ಯಾಫಡಿಲ್ ಹೂಗಳ ಮೇಲೆ ಬರೆದ ಕವಿತೆಯನ್ನು ನಮ್ಮ ಶಾಲೆಗಳಲ್ಲಿ ಬಾಯಿಪಾಠ ಮಾಡಿಸುತ್ತಾರೆ. ಆ ಹೂಗಳನ್ನು ಕಂಡ ದಿನದ ವಿವರವೆಲ್ಲ 1802ರ ತಂಗಿ ಡೊರೊತಿಯ ದಿನಚರಿಯಲ್ಲಿದೆ. ಕವಿತೆಯ ಅತ್ಯುತ್ತಮ ಎರಡು ಸಾಲು ಹೆಂಡತಿ ಮೇರಿಯವೆಂದು ಕವಿಯೇ ಹೇಳಿದ್ದಾನೆ. 1807ರಲ್ಲಿ ಕವಿತೆ ಅಚ್ಚಾದಾಗ ಇದ್ದದ್ದು ಒಂದೇ ಹೆಸರು, ಎಂ.ಎ. ತರಗತಿಯಲ್ಲಿ ನಾವು ಓದಿದಾಗಲೂ ಅದೇ ಒಂದು ಹೆಸರು. ಕವಿ ಒಪ್ಪಿಕೊಂಡದ್ದನ್ನೂ ಪಠ್ಯಕ್ರಮ ಒಪ್ಪಲಿಲ್ಲ.

ಹಳ್ಳಿಗಾಡಿನ ಸಂಗೀತವೂ ಸ್ವರ್ಗವಲ್ಲ. ಅದರ ಮೂಲಪುರುಷರೆನಿಸಿದ ಕಾರ್ಟರ್ ಕುಟುಂಬ 1927ರಲ್ಲಿ ಬ್ರಿಸ್ಟಲ್‌ನಲ್ಲಿ ಮೊದಲ ಬಾರಿ ಹಾಡು ಮುದ್ರಿಸಿತು: ಗಂಡ ಎ.ಪಿ. ಕಾರ್ಟರ್, ಹೆಂಡತಿ ಸಾರಾ, ಸಂಬಂಧಿ ಮೇಬೆಲ್. ಬೆಟ್ಟಬೆಟ್ಟ ಅಲೆದು ಹಾಡು ಕೂಡಿಹಾಕುತ್ತಿದ್ದ ಎ.ಪಿ.ಗೆ ರಾಗ ನೆನಪಿಟ್ಟುಕೊಳ್ಳಲು ನೆರವಾದವನು ಲೆಸ್ಲಿ ರಿಡಲ್ ಎಂಬ ಕಪ್ಪುವರ್ಣೀಯ ಗಿಟಾರ್ ವಾದಕ. ದನಿ ಸಾರಾಳದು, ಬೆರಳು ಮೇಬೆಲ್‌ಳದು, ನೆನಪು ರಿಡಲ್‌ನದು. ಹಕ್ಕುಸ್ವಾಮ್ಯದ ಕಾಗದದಲ್ಲಿ ಮಾತ್ರ ಎ.ಪಿ. ಕಾರ್ಟರ್. ಮೇಬೆಲ್‌ಳ ಮಗಳು ಜೂನ್ ಕಾರ್ಟರ್ ಮರ್ಲ್ ಕಿಲ್ಗೋರ್ ಜೊತೆಗೂಡಿ ಬರೆದ ‘ರಿಂಗ್ ಆಫ್ ಫೈರ್’ ಹಾಡನ್ನು ಜಗತ್ತು ಇಂದಿಗೂ ಜಾನಿ ಕ್ಯಾಶ್‌ನ ಹಾಡೆಂದೇ ಕರೆಯುತ್ತದೆ. ಬ್ರಯಂಟ್ ದಂಪತಿ ನಿಯಮವಾಗಿರಲಿಲ್ಲ, ಅಪವಾದವಾಗಿದ್ದರು. ಅಪವಾದ ಸಾಧ್ಯವೆಂದು ತೋರಿಸಿದರು ಎಂಬುದೇ ಅವರ ಮೇಲಿನ ನಮ್ಮ ಆಸಕ್ತಿ.

ಕಾರ್ಟರನ ಕಥೆ ನಮಗೆ ಎಲ್ಲೋ ಕೇಳಿದಂತಿದೆಯಲ್ಲವೇ? ಕಳೆದ ಶತಮಾನದ ಮೂವತ್ತರ ದಶಕದಲ್ಲಿ ಹಲಸಂಗಿಯ ಗೆಳೆಯರು ‘ಗರತಿಯ ಹಾಡು’ ತಂದರು. ಮಹದುಪಕಾರ; ಅವರಿಲ್ಲದಿದ್ದರೆ ಆ ತ್ರಿಪದಿಗಳು ಬೀಸುವ ಕಲ್ಲಿನೊಡನೆ ಹಿತ್ತಲು ಸೇರುತ್ತಿದ್ದವು. ಆದರೂ ಹೆಸರುಗಳು ಯಾರವು ಉಳಿದವು? ಕೂಡಿಸಿದವರವು. ಕಟ್ಟಿದವಳು ‘ಗರತಿ’ ಎಂಬ ಜಾತಿವಾಚಕದಲ್ಲಿ ಕರಗಿದಳು. ನವೋದಯದವರು ಬಂದರು; ದಾಂಪತ್ಯವನ್ನು ಕನ್ನಡದಷ್ಟು ಇಂಪಾಗಿ ಹಾಡಿದ ಭಾಷೆಗಳು ಕಡಿಮೆ. ಬೇಂದ್ರೆಯವರ ‘ಸಖೀಗೀತ’, ಕೆ.ಎಸ್. ನರಸಿಂಹಸ್ವಾಮಿಯವರ 1942ರ ‘ಮೈಸೂರ ಮಲ್ಲಿಗೆ’ ನಮ್ಮ ಮನೆಮನೆಯ ಪುಸ್ತಕಗಳು. ಎರಡರಲ್ಲಿಯೂ ಹೆಂಡತಿ ಇದ್ದಾಳೆ, ಬೇಕಾದಷ್ಟು ಇದ್ದಾಳೆ: ನಾಚುತ್ತಾಳೆ, ಮುನಿಯುತ್ತಾಳೆ, ತವರಿಗೆ ಹೋಗುತ್ತಾಳೆ, ಹಿಂದಿರುಗುತ್ತಾಳೆ. ಬರೆಯುವುದಿಲ್ಲ. ಈ ಕವನಗಳನ್ನು ನಾವು ಪ್ರೀತಿಸುತ್ತೇವೆ; ಪ್ರೀತಿಸುತ್ತಲೇ ಹೇಳುತ್ತೇವೆ, ಅವು ಒಂದು ದೃಶ್ಯವನ್ನು ನಮ್ಮ ಕಣ್ಣಿಗೆ ಎಷ್ಟು ರೂಢಿ ಮಾಡಿದವೆಂದರೆ ಲೇಖನಿ ಹಿಡಿದ ಹೆಂಡತಿಯನ್ನು ಕಲ್ಪಿಸಿಕೊಳ್ಳಲು ನಮಗೆ ಮಿಲ್ವಾಕಿಯವರೆಗೆ ಹೋಗಬೇಕಾಗಿ ಬಂತು.

ಹೋಗಬೇಕಾಗಿರಲಿಲ್ಲ. ಕಲ್ಯಾಣದ ತನಕ ಹೋದರೆ ಸಾಕಿತ್ತು. ಹನ್ನೆರಡನೆಯ ಶತಮಾನದಲ್ಲಿ ಬಿದ್ದ ಅಕ್ಕಿ ಆಯ್ದು ಬದುಕುತ್ತಿದ್ದ ದಂಪತಿಯೊಂದಿತ್ತು, ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ. ಇಬ್ಬರೂ ವಚನಕಾರರು. ಅವನ ಅಂಕಿತ ಅಮರೇಶ್ವರಲಿಂಗ, ಅವಳದು ಮಾರಯ್ಯಪ್ರಿಯ ಅಮರೇಶ್ವರಲಿಂಗ. ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದ ಗಂಡನನ್ನು ಅವಳು ವಚನದಲ್ಲೇ ತರಾಟೆಗೆ ತೆಗೆದುಕೊಳ್ಳುತ್ತಾಳೆ. ಆ ಮಾತು ಇಂದಿಗೂ ಅವಳದೆಂದೇ ನಮಗೆ ಗೊತ್ತು, ಏಕೆಂದರೆ ಅಡಿಯಲ್ಲಿ ಅವಳ ಅಂಕಿತವಿದೆ. ಮೋಳಿಗೆ ಮಾರಯ್ಯನಿಗೆ ನಿಃಕಳಂಕ ಮಲ್ಲಿಕಾರ್ಜುನ ಎಂಬ ಅಂಕಿತವಿದ್ದರೆ, ಮಡದಿ ಮಹಾದೇವಿಗೆ ಅದಕ್ಕಿಂತ ಉದ್ದದ ತನ್ನದೇ ಅಂಕಿತವಿತ್ತು. ಕಟ್ಟಿಗೆ ಮಾರುವವರ, ಅಕ್ಕಿ ಆಯುವವರ ಮನೆಗಳಲ್ಲಿ ಒಂದು ಗುಡಿಸಲಿಗೆ ಎರಡು ಅಂಕಿತಗಳಿದ್ದವು. ಎಂಟುನೂರು ವರ್ಷಗಳ ಬಳಿಕ, ಎಪ್ಪತ್ತು ಎಂ.ಎಂ. ಪರದೆಯ ಕಾಲದಲ್ಲಿ, ‘ಸಾಹಿತ್ಯ’ ಎಂಬ ಅಕ್ಷರಗಳ ಮುಂದೆ ಎರಡು ಹೆಸರಿಗೆ ಜಾಗ ಸಾಲದಾಯಿತು!

ಲಕ್ಕಮ್ಮನ ಅಂಕಿತದಲ್ಲಿಯೂ ಗಂಡನ ಹೆಸರೇ ಇದೆಯಲ್ಲ ಎಂದು ಯಾರಾದರೂ ಬೆರಳು ತೋರಿಸಬಹುದು. ಇದೆ. ಫೆಲೀಸ್ ಎಂಬ ಹೆಸರನ್ನೂ ಗಂಡನೇ ಇಟ್ಟದ್ದು. ಹೆಸರು ಎಲ್ಲಿಂದ ಬಂತೆಂಬುದು ಬೇರೆ, ಅದನ್ನು ಯಾರು ಸಹಿಯಾಗಿ ಹಾಕಿದರೆಂಬುದು ಬೇರೆ. ನಮ್ಮ ಅಪ್ಪ ಇಟ್ಟ ಹೆಸರಿನಲ್ಲೇ ನಾವು ಸಂಬಳ ಪಡೆಯುತ್ತೇವೆ.

ಸಂಬಳದ ಮಾತನ್ನು ಬೇಕೆಂದೇ ಎತ್ತಿದೆವು. ಇಷ್ಟು ಹೊತ್ತು ಮಾನದ ಮಾತಾಯಿತು, ಇನ್ನು ಹಣದ್ದು. ಬ್ರಯಂಟ್ ದಂಪತಿ ಅಕಫ್-ರೋಸ್ ಪ್ರಕಾಶನದೊಡನೆ ಹತ್ತು ವರ್ಷದ ಕರಾರು ಮಾಡಿಕೊಂಡಾಗ, ಅವಧಿ ಮುಗಿದ ಮೇಲೆ ಹಾಡುಗಳ ಹಕ್ಕು ತಮಗೇ ಮರಳಬೇಕೆಂದು ಬರೆಸಿಕೊಂಡರು. 1967ರಲ್ಲಿ ಹೌಸ್ ಆಫ್ ಬ್ರಯಂಟ್ ಎಂಬ ಸ್ವಂತ ಪ್ರಕಾಶನ ತೆರೆದರು. ಬೂಡ್ಲೋ 1987ರಲ್ಲಿ ತೀರಿಕೊಂಡ. ಫೆಲೀಸ್ 2003ರವರೆಗೆ ಇದ್ದಳು. ಆ ಹದಿನಾರು ವರ್ಷ ಅವಳು ಗೌರವಧನ ಪಡೆದದ್ದು ದಿವಂಗತರ ಪತ್ನಿಯೆಂದಷ್ಟೇ ಅಲ್ಲ, ಹಾಡುಗಳ ಕರ್ತೃವೆಂದು. ಕಂಟ್ರಿ ಮ್ಯೂಸಿಕ್ ಹಾಲ್ ಆಫ್ ಫೇಮ್ 1991ರಲ್ಲಿ ಇಬ್ಬರನ್ನೂ ಸೇರಿಸಿಕೊಂಡಿತು.

ನಮ್ಮಲ್ಲಿ? 1957ರ ಕೃತಿಸ್ವಾಮ್ಯ ಕಾಯ್ದೆ ಇತ್ತು. 1977ರಲ್ಲಿ ಸುಪ್ರೀಂ ಕೋರ್ಟು ಸಿನಿಮಾಕ್ಕೆಂದು ಹಣಪಡೆದು ಬರೆದ ಹಾಡಿನ ಹಕ್ಕು ನಿರ್ಮಾಪಕನದೆಂಬ ವಾದವನ್ನು ಎತ್ತಿಹಿಡಿಯಿತು. ವಡಪಳನಿಯ ಕೋಣೆಗಳಲ್ಲಿ ಎರಕ ಹೊಯ್ದ ಕನ್ನಡ ಒಂದು ಸಲದ ಸಂಭಾವನೆಗೆ ಮಾರಾಟವಾಗಿಹೋಯಿತು. 2012ರ ತಿದ್ದುಪಡಿ ಬಂದ ಮೇಲೆ ಸ್ಥಿತಿ ಬೇರೆ. ಚಿತ್ರಮಂದಿರದಾಚೆಗೆ, ರೇಡಿಯೋ, ಟಿ.ವಿ., ಮೊಬೈಲು, ಎಲ್ಲೇ ಹಾಡು ಬಳಕೆಯಾದರೂ ಗೀತರಚನಕಾರನಿಗೆ ಗೌರವಧನದ ಪಾಲಿದೆ. ಆ ಹಕ್ಕನ್ನು ಅವನು ಬಿಟ್ಟುಕೊಡುತ್ತೇನೆಂದು ಬರೆದುಕೊಟ್ಟರೂ ಆ ಬರಹ ಸಿಂಧುವಲ್ಲ. ಒಳ್ಳೆಯ ಕಾನೂನು. ಆದರೆ ಅದು ಕಾಯುವುದು ಕರ್ತೃವನ್ನು. ಕರ್ತೃ ಯಾರು? ಹೆಸರು ನಮೂದಾದವನು. ‘ಸ್ಫೂರ್ತಿ’ಗೆ ಯಾವ ಕಲಮಿನಲ್ಲಿಯೂ ಕಾಸಿಲ್ಲ.

ಅದೇ ಕಾಯ್ದೆಯಲ್ಲಿ ಜಂಟಿ ಕರ್ತೃತ್ವದ ವ್ಯಾಖ್ಯೆಯಿದೆ. ಇಬ್ಬರು ಸಹಯೋಗದಿಂದ ರಚಿಸಿ, ಒಬ್ಬರ ಪಾಲನ್ನು ಇನ್ನೊಬ್ಬರ ಪಾಲಿನಿಂದ ಬೇರ್ಪಡಿಸಲಾಗದಿದ್ದರೆ ಅದು ಜಂಟಿ ಕೃತಿ. ಬೇರ್ಪಡಿಸಲಾಗದು ಎಂಬುದನ್ನೇ ನಮ್ಮ ಪಂಡಿತರು ಅಡ್ಡಿಯೆಂದು ಹೇಳುತ್ತಿದ್ದರಲ್ಲವೇ, ಕಾನೂನು ಅದನ್ನೇ ಅರ್ಹತೆಯಾಗಿ ಮಾಡಿದೆ. ಕೃತಿಸ್ವಾಮ್ಯದ ಅವಧಿ ಕರ್ತೃವಿನ ಮರಣಾನಂತರ ಅರವತ್ತು ವರ್ಷ. ಜಂಟಿ ಕೃತಿಯಲ್ಲಿ ಕೊನೆಗೆ ತೀರಿಕೊಂಡವರ ಮರಣದಿಂದ ಲೆಕ್ಕ. ಈ ಲೆಕ್ಕಕ್ಕೆ ಫೆಲೀಸ್‌ಳ ಜಂಟಿ ಹಾಡುಗಳನ್ನು ಇಟ್ಟುನೋಡಿದರೆ 2063ರ ಕೊನೆಗೆ ಬರುತ್ತದೆ, ಬೂಡ್ಲೋ ಒಬ್ಬನದಾಗಿದ್ದರೆ 2047ಕ್ಕೇ ಮುಗಿಯುತ್ತಿತ್ತು. ಒಂದು ಹೆಸರನ್ನು ಬಿಡುವುದರಿಂದ ಒಂದು ಮನೆಗೆ ಎಷ್ಟು ವರ್ಷದ ಅನ್ನ ನಷ್ಟವೆಂದು ಯಾರಾದರೂ ಕೇಳಿದರೆ, ಈ ಜೋಡಿಯ ಮಟ್ಟಿಗೆ ಉತ್ತರ ಹದಿನಾರು.

ಇಷ್ಟನ್ನೂ ಸಿನಿಮಾದವರ ತಲೆಗೆ ಕಟ್ಟಿ ಕೈತೊಳೆದುಕೊಳ್ಳುವ ಇರಾದೆ ನಮ್ಮದಲ್ಲ. ಇಂದಿನ ಹಾಡಿನ ಆ್ಯಪುಗಳು ಗಾಯಕರ ಚಿತ್ರ ತೋರಿಸಿ, ಸಂಗೀತ ನಿರ್ದೇಶಕರ ಹೆಸರು ಹಾಕಿ, ಬರೆದವರನ್ನು ಮೂರು ಸಲ ಒತ್ತಿದ ಮೇಲೆ ಸಿಗುವ ಮೂಲೆಗೆ ಅಟ್ಟಿವೆ. ಅದು ಅವರ ವ್ಯಾಪಾರ. ನಮ್ಮ ಬಳಗವೇನು ಮಾಡುತ್ತಿದೆ? ಪ್ರತಿವರ್ಷದ ಗೀತಗಾಯನದಲ್ಲಿ ‘ಕವಿಯ ಹೆಸರು ಸಮಯಾಭಾವದಿಂದ’ ಬಿಟ್ಟುಹೋಗುತ್ತದೆ, ಪ್ರಾಯೋಜಕರ ಹೆಸರು ಎರಡು ಸಲ ಬರುತ್ತದೆ. ಈಗ ಸಿದ್ಧವಾಗುತ್ತಿರುವ ಹಾಡುಗಳ ಸಂಕಲನಕ್ಕೆ ಲೇಖಕರಿಂದ ತುಂಬಿಸಿಕೊಳ್ಳಲು ಒಂದು ನಮೂನೆ ಕಳಿಸಿದ್ದಾರೆ. ಅದರ ಎರಡನೆಯ ಸಾಲು ‘ರಚನೆ: ಶ್ರೀ’ ಎಂದು ಮೊದಲೇ ಅಚ್ಚಾಗಿದೆ, ಏಳನೆಯ ಸಾಲಿನಲ್ಲಿ ‘ಪತ್ನಿಯ ಹೆಸರು, ಇದ್ದಲ್ಲಿ’ ಎಂದಿದೆ. ನಾವು ನಮೂನೆಯನ್ನು ತುಂಬದೆ ಹಿಂದಿರುಗಿಸಿದ್ದೇವೆ. ಎರಡನೆಯ ಸಾಲಿನ ‘ಶ್ರೀ’ಯನ್ನು ಹೊಡೆದು, ಏಳನೆಯ ಸಾಲನ್ನು ತೆಗೆದು, ‘ಸಹರಚನೆ’ ಎಂಬ ಹೊಸ ಸಾಲು ಸೇರಿಸಿ, ಅಂಚಿನಲ್ಲಿ ದಿನಾಂಕ ಸಹಿತ ಚಿಕ್ಕ ರುಜು ಹಾಕಿದ್ದೇವೆ. ಸಂಪಾದಕ ಮಂಡಳಿಯ ಸಭೆ ಮುಂದಿನ ತಿಂಗಳಿದೆ.